ಕಾರ್ಖಾನೆ ಮುಚ್ಚಿದರೂ ಓಡಿದ ಗಾಡಿ: ಮೈಸೂರು ಜಾವಾ ಮತ್ತು ಮನೆಯಂಗಳದ ಕ್ಲಚ್

▪️ 1/10

ಮೊದಲು ಒಂದು ಪ್ರಶ್ನೆ. 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆಯ ಬೈಕುಗಳು ಇವತ್ತಿಗೂ ಮೈಸೂರು, ಬೆಂಗಳೂರು ರಸ್ತೆಗಳಲ್ಲಿ ಹೊಗೆ ಬಿಟ್ಕೊಂಡು ಓಡಾಡ್ತಾ ಇವೆ. ಕಂಪನಿ ಇಲ್ಲ, ಶೋರೂಮ್ ಇಲ್ಲ, ಸರ್ವೀಸ್ ಸೆಂಟರ್ ಇಲ್ಲ. ಆದರೂ ಓಡ್ತಿವೆ. ಹೇಗೆ?

ಜಾವಾ ಮತ್ತು ಯೆಜ್ಡಿ ಬಗ್ಗೆ ಹೇಳ್ತಿದೀನಿ ಅಂತ ಗೊತ್ತಾಗಿರಬೇಕು. ಯಾರನ್ನ ಕೇಳಿದ್ರೂ ಒಂದೇ ಉತ್ತರ: “ಆಗಿನ ಕಾಲದ ಕಬ್ಬಿಣ ಗುರೂ, ಗಟ್ಟಿ!” ಅದು ಅರ್ಧ ಮಾತ್ರ ನಿಜ. ಕಬ್ಬಿಣ ಎಷ್ಟೇ ಗಟ್ಟಿ ಇದ್ರೂ ಸವೆಯುತ್ತೆ. ವೈರ್ ಹಿಗ್ಗುತ್ತೆ, ಪ್ಲೇಟ್ ತೆಳ್ಳಗಾಗುತ್ತೆ, ಸ್ಕ್ರೂ ಸಡಿಲ ಆಗುತ್ತೆ. ಸವೆದದ್ದನ್ನ ಆಗಾಗ ಸರಿಮಾಡೋ ಕೈ ಒಂದು ಬೇಕೇ ಬೇಕು.

ಆ ಕೈ ಯಾರದು ಅನ್ನೋದೇ ಈ ಸರಣಿಯ ಕಥೆ. ಬಹುಪಾಲು ಅದು ಗಾಡಿ ಇಟ್ಕೊಂಡವರದ್ದೇ ಕೈ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಹಿಡ್ಕೊಂಡು ಕ್ಲಚ್ ಅಡ್ಜಸ್ಟ್ ಮಾಡ್ತಿದ್ದ ಅಪ್ಪಂದಿರು, ಮಾವಂದಿರು, ಪಕ್ಕದ ಮನೆ ಅಂಕಲ್‌ಗಳು.

ನಮ್ಮ ಇತಿಹಾಸದ ಪಾಠದಲ್ಲಿ ಕಾರ್ಖಾನೆ ಅಂದ್ರೆ ಯಾವಾಗ ಶುರುವಾಯ್ತು, ಯಾವಾಗ ಮುಚ್ಚಿತು, ಎರಡು ಇಸವಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಎರಡನೇ ಇಸವಿ ಆದಮೇಲೂ ಮುಂದುವರಿದ ಒಂದು ಕಸುಬು ಇದೆ. ಅದು ಹೇಗೆ ಹುಟ್ಟಿತು, ಮೈಸೂರಿಗೆ ಹೇಗೆ ಬಂತು, ಈಗ ಯಾಕೆ ಅಪಾಯದಲ್ಲಿದೆ ಅಂತ ಹತ್ತು ಕ್ಯಾಪ್ಶನ್‌ನಲ್ಲಿ ನೋಡೋಣ. 8ನೇ ಭಾಗದಲ್ಲಿ ಮಾಡೋ ವಿಧಾನವೂ ಇದೆ. ಸೇವ್ ಮಾಡ್ಕೊಳ್ಳಿ.

▪️ 2/10

ಕ್ಲಚ್ ಅಂದ್ರೇನು? ಬೈಕ್ ಓಡಿಸೋರು “ಎಡಗೈಲಿ ಹಿಡಿಯೋದು” ಅಂತಾರೆ. ಸ್ಕೂಟರ್ ಓಡಿಸೋರು “ನಮ್ಮಲ್ಲಿ ಇಲ್ಲ” ಅಂತಾರೆ. ಪೆಟ್ರೋಲ್ ಸ್ಕೂಟರ್‌ನಲ್ಲೂ ಕ್ಲಚ್ ಇದೆ. ಎಂಜಿನ್ ಜೋರಾಗಿ ತಿರುಗಿದಾಗ ತಾನಾಗೇ ಹಿಡ್ಕೊಳ್ಳುತ್ತೆ, ನಿಧಾನ ಆದಾಗ ತಾನಾಗೇ ಬಿಡುತ್ತೆ. ಲಿವರ್ ಇಲ್ಲದಿರೋದ್ರಿಂದ ಕಣ್ಣಿಗೆ ಬೀಳಲ್ಲ ಅಷ್ಟೆ.

ಎಂಜಿನ್‌ಗೂ ಚಕ್ರಕ್ಕೂ ನಡುವೆ ಒಂದು ಕೈಕುಲುಕು ಅಂತ ಇಟ್ಕೊಳ್ಳಿ. ಬೇಕಾದಾಗ ಬಿಗಿಯಾಗಿ ಹಿಡೀಬೇಕು, ಬೇಡ ಅಂದಾಗ ಪೂರ್ತಿ ಬಿಡಬೇಕು. ಅರೆಬರೆ ಹಿಡಿತ ಗಾಡಿ ಎತ್ತೋ ಆ ಎರಡು ಸೆಕೆಂಡಿಗೆ ಮಾತ್ರ.

ಇದು ಇಲ್ಲದೇ ಇದ್ರೆ ಏನಾಗುತ್ತೆ? 1894ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಅನ್ನೋ ಗಾಡಿ ಮಾರಾಟಕ್ಕೆ ಬಂತು. ಸಂಖ್ಯೆಯಲ್ಲಿ ತಯಾರಾಗಿ ಮಾರಾಟವಾದ ಮೊದಲ ಮೋಟಾರ್ ಸೈಕಲ್ ಅಂತ ಅದಕ್ಕೆ ಹೆಸರು. ಅದರಲ್ಲಿ ಪಿಸ್ಟನ್‌ನಿಂದ ಬಂದ ರಾಡ್‌ಗಳು ನೇರ ಹಿಂದಿನ ಚಕ್ರಕ್ಕೇ ಜೋಡಣೆ. ರೈಲಿನ ಉಗಿ ಎಂಜಿನ್ ಥರ. ಕ್ಲಚ್ ಇಲ್ಲವೇ ಇಲ್ಲ. ಚಕ್ರ ನಿಂತರೆ ಎಂಜಿನ್ನೂ ನಿಲ್ಲಬೇಕು.

ಆಮೇಲೆ ಬಂದ ಬೆಲ್ಟ್ ಗಾಡಿಗಳಲ್ಲೂ ಬಹಳಷ್ಟು ವರ್ಷ ಇದೇ ಪಾಡು. ತಳ್ಕೊಂಡು ಓಡಬೇಕು, ಎಂಜಿನ್ ಹತ್ತಿದ ಕೂಡಲೇ ಹಾರಿ ಕೂರಬೇಕು. ದನ ಅಡ್ಡ ಬಂತು ಅಂದ್ರೆ ಎಂಜಿನ್ ಆಫ್. ಮತ್ತೆ ತಳ್ಳು, ಮತ್ತೆ ಓಡು. ಬೆಂಗಳೂರಿನ ಒಂದು ಸಿಗ್ನಲ್‌ನಲ್ಲಿ ಇದನ್ನ ಕಲ್ಪಿಸ್ಕೊಳ್ಳಿ! ಗಾಡಿಯನ್ನ ಆಟಗಾರರ ಕೈಯಿಂದ ಎತ್ತಿ ಆಫೀಸಿಗೆ ಹೋಗೋರ ಕೈಗೆ ಕೊಟ್ಟಿದ್ದರಲ್ಲಿ ಕ್ಲಚ್‌ನ ಪಾಲು ಸಣ್ಣದಲ್ಲ.

▪️ 3/10

ಹಳೇ ಬೈಕಿನ ಕ್ಲಚ್ ಬಿಚ್ಚಿ ನೋಡಿದ್ರೆ ಒಳಗೆ ಮಸಾಲೆ ದೋಸೆ ತಟ್ಟೆ ಪೇರಿಸಿಟ್ಟ ಹಾಗೆ ಬಿಲ್ಲೆಗಳು. ಒಂದು ಬರೀ ಉಕ್ಕಿನದು, ಒಂದು ಹಿಡಿತದ ಪ್ಲೇಟು, ಮತ್ತೆ ಉಕ್ಕು, ಮತ್ತೆ ಹಿಡಿತ. ಒಂದು ಸಾಲು ಎಂಜಿನ್ ಕಡೆಗೆ ಸೇರಿದ್ದು, ಇನ್ನೊಂದು ಸಾಲು ಗೇರ್‌ಬಾಕ್ಸ್ ಕಡೆಗೆ. ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಿರುತ್ತವೆ. ಲಿವರ್ ಎಳೆದಾಗ ಒಂದು ಕಡ್ಡಿ ಸ್ಪ್ರಿಂಗಿನ ವಿರುದ್ಧ ತಳ್ಳಿ ಬಿಲ್ಲೆಗಳನ್ನ ಕೂದಲೆಳೆಯಷ್ಟು ಸಡಿಲ ಮಾಡುತ್ತೆ. ಅಷ್ಟೇ ಸಾಕು.

ಒಂದೇ ದೊಡ್ಡ ಬಿಲ್ಲೆಯ ಬದಲು ಹಲವು ಸಣ್ಣ ಬಿಲ್ಲೆ ಪೇರಿಸಿದ್ರೆ ಕಮ್ಮಿ ಜಾಗದಲ್ಲಿ ಜಾಸ್ತಿ ಹಿಡಿತ ಸಿಗುತ್ತೆ ಅನ್ನೋದನ್ನ 20ನೇ ಶತಮಾನದ ಆರಂಭದಲ್ಲಿ ಗಟ್ಟಿಯಾಗಿ ತೋರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ಸೆಲ್ಬಿ ಹೀಲ್-ಶಾ. ಬೈಕಿನಂಥ ಸಣ್ಣ ಗಾಡಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಹಿಡಿತದ ಪ್ಲೇಟಿಗೆ ಹಳೇ ಗಾಡಿಗಳಲ್ಲಿ ಹಾಕ್ತಿದ್ದದ್ದು ಕಾರ್ಕ್. ಬಾಟಲಿಗೆ ಬಿರಡೆ ಮಾಡ್ತಾರಲ್ಲ, ಅದೇ ಮರದ ತೊಗಟೆ. ಎಣ್ಣೆಯಲ್ಲಿ ನೆನೆದರೂ ಹಿಡಿತ ಬಿಡಲ್ಲ ಅನ್ನೋದು ಅದರ ಗುಣ. ನಮ್ಮ ಹಳೇ ಮೆಕ್ಯಾನಿಕ್‌ಗಳು ಈಗಲೂ “ಕಾರ್ಕ್ ಪ್ಲೇಟ್” ಅಂತಲೇ ಕೇಳ್ತಾರೆ.

ಇನ್ನು ಲಿವರ್‌ನಿಂದ ಎಂಜಿನ್‌ವರೆಗೆ ಹೋಗೋ ವೈರ್. ಇದು ಅರ್ನೆಸ್ಟ್ ಬೌಡನ್ ಹೆಸರಿನಲ್ಲಿ 1896ರಲ್ಲಿ ಪೇಟೆಂಟ್ ಆದ ಉಪಾಯ. ಹೊರಗೆ ಒಂದು ಗಟ್ಟಿ ಕವಚ, ಒಳಗೆ ಎಳೆಯೋ ತಂತಿ. ಹೇಗೆ ಬಗ್ಗಿಸಿದ್ರೂ ಎಳೆತ ಆ ಕಡೆಗೆ ತಲುಪುತ್ತೆ. ಸೈಕಲ್ ಬ್ರೇಕಿನಲ್ಲಿ ಇರೋದೂ ಇದೇ. ಲಿವರ್ ಹತ್ರ ಇರೋ ಆ ಸಣ್ಣ ತಿರುಗಿಸೋ ಅಡ್ಜಸ್ಟರ್ ಏನು ಮಾಡುತ್ತೆ ಗೊತ್ತಾ? ಒಳಗಿನ ತಂತಿಯನ್ನ ಮುಟ್ಟಲ್ಲ. ಹೊರಗಿನ ಕವಚವನ್ನ ಸ್ವಲ್ಪ ಮುಂದೆ ತಳ್ಳುತ್ತೆ. ಕವಚದ ದಾರಿ ಉದ್ದ ಆದ್ರೆ ತಂತಿ ಬಿಗಿ ಆದ ಹಾಗೆ. 8ನೇ ಭಾಗದಲ್ಲಿ ಇದು ಬೇಕಾಗುತ್ತೆ, ನೆನಪಿಟ್ಕೊಳ್ಳಿ.

▪️ 4/10

ಈಗ ಪ್ರಾಗ್‌ಗೆ ಹೋಗೋಣ. ಯಾಕಂದ್ರೆ ಮೈಸೂರಿನ ಗಾಡಿ ಹುಟ್ಟಿದ್ದು ಅಲ್ಲಿ.

ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಜೆಕ್ ಎಂಜಿನಿಯರ್. ಮಾಡ್ತಿದ್ದ ಉದ್ಯಮ ಶಸ್ತ್ರಾಸ್ತ್ರದ್ದು. ಮೊದಲ ಮಹಾಯುದ್ಧ ಮುಗಿದಮೇಲೆ ಅಂಥ ಕಾರ್ಖಾನೆಗಳಿಗೆ ಬೇರೆ ಕೆಲಸ ಬೇಕಿತ್ತು. ಅವರು ಮೋಟಾರ್ ಸೈಕಲ್ ಕಡೆ ತಿರುಗಿದರು. ಜರ್ಮನಿಯ ವಾಂಡರರ್ ಕಂಪನಿ ತನ್ನ ಬೈಕ್ ವಿಭಾಗ ಬಿಡೋಕೆ ಹೊರಟಿತ್ತು, ಇವರು ಅದನ್ನ ಕೊಂಡರು. 1929ರಲ್ಲಿ 500 ಸಿಸಿ ಗಾಡಿ ಹೊರಬಂತು. ಯಾನೆಚೆಕ್ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ. ಸೇರಿಸಿದ್ರೆ ಜಾವಾ. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ!

ಆ ಮೊದಲ ಗಾಡಿ ದುಬಾರಿ. ಅದು ಬಂದ ಕಾಲವೂ ಕೆಟ್ಟದ್ದು, ಜಗತ್ತಿಡೀ ಆರ್ಥಿಕ ಕುಸಿತದಲ್ಲಿತ್ತು. ಕಂಪನಿಯನ್ನ ಎತ್ತಿದ್ದು 1932ರಲ್ಲಿ ಬಂದ ಅಗ್ಗದ 175 ಸಿಸಿ ಗಾಡಿ. ಇಂಗ್ಲೆಂಡಿನ ವಿಲಿಯರ್ಸ್ ಟೂ ಸ್ಟ್ರೋಕ್ ಎಂಜಿನ್ ಹಾಕಿದ್ದು. ಅಲ್ಲಿಂದ ಜಾವಾಗೆ ಒಂದು ವಿಷಯ ಖಚಿತ ಆಯ್ತು. ಗಾಡಿ ಸಾಮಾನ್ಯ ಜನಕ್ಕೆ ನಿಲುಕಬೇಕು, ಅವರೇ ನೋಡ್ಕೊಳ್ಳೋ ಹಾಗಿರಬೇಕು.

ಆಮೇಲೆ ಎರಡನೇ ಮಹಾಯುದ್ಧ. ನಾಜಿ ಜರ್ಮನಿ ಆ ದೇಶವನ್ನ ಆಕ್ರಮಿಸಿತು. ಕಾರ್ಖಾನೆ ಜರ್ಮನ್ ಸೇನೆಯ ಕೆಲಸ ಮಾಡಬೇಕಾಯ್ತು. ಯಾನೆಚೆಕ್ 1941ರಲ್ಲಿ ತೀರಿಕೊಂಡರು. ಆದರೆ ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ. ಯುದ್ಧ ಮುಗಿದ ಮೇಲೆ ಬೇಕಾಗೋ 250 ಸಿಸಿ ಗಾಡಿಯನ್ನ ಗುಟ್ಟಾಗಿ ರೂಪಿಸ್ತಿದ್ದರು. ಸೋತು ಕೂತ ದೇಶದಲ್ಲಿ, ಯಾರಿಗೂ ಕಾಣದ ಹಾಗೆ, ನಾಳೆಯ ಜನಕ್ಕೆ ಒಂದು ಗಾಡಿ.

▪️ 5/10

ಆ ಗಾಡಿ 1946ರಲ್ಲಿ ಪ್ಯಾರಿಸ್‌ನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅಡ್ಡಹೆಸರು ಪೆರಾಕ್. ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದದ್ದರಿಂದ ಬಂದ ಹೆಸರು. ಆಗಿನ ಬಹಳಷ್ಟು ಬೈಕುಗಳ ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ.

ಆದರೆ ನಮ್ಮ ಕಥೆಗೆ ಬೇಕಾದದ್ದು ಜಾವಾ ಗಾಡಿಗಳ ಎಡಗಡೆ ಇದ್ದ ಒಂದು ಲಿವರ್. ಗೇರ್ ಹಾಕೋದೂ ಅದರಲ್ಲೇ, ಕಿಕ್ ಹೊಡೆಯೋದೂ ಅದರಲ್ಲೇ. ಮೈಸೂರು ಜಾವಾ ನೋಡಿದವರಿಗೆ ಗೊತ್ತು: ಗೇರ್ ಲಿವರ್‌ನ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದ್ರೆ ಅದೇ ಕಿಕ್ಕರ್. ಸ್ಟಾರ್ಟ್ ಆದಮೇಲೆ ಕೆಳಗಿಳಿಸಿದ್ರೆ ಮತ್ತೆ ಗೇರ್.

ಅದಕ್ಕಿಂತ ದೊಡ್ಡ ಜಾಣತನ ಒಳಗಿತ್ತು. ಕಾಲಿನಿಂದ ಗೇರ್ ಲಿವರ್ ಒತ್ತಿದಾಗ, ಆ ಒತ್ತುವಿಕೆಯ ಮೊದಲ ಭಾಗದಲ್ಲೇ ಕ್ಲಚ್ ಪ್ಲೇಟುಗಳು ಬಿಡಿಸ್ಕೊಳ್ಳುತ್ತವೆ. ಆಮೇಲೆ ಗೇರ್ ಬೀಳುತ್ತೆ. ಕಾಲು ಸಡಿಲಿಸಿದಾಗ ಕ್ಲಚ್ ಮತ್ತೆ ಹಿಡ್ಕೊಳ್ಳುತ್ತೆ. ಅಂದ್ರೆ ಗಾಡಿ ಓಡ್ತಿರೋವಾಗ ಗೇರ್ ಬದಲಿಸೋಕೆ ಎಡಗೈ ಬೇಕಾಗಿಲ್ಲ. ನಿಂತ ಗಾಡಿ ಎತ್ತೋಕೆ ಮಾತ್ರ ಕೈ ಕ್ಲಚ್.

ಅರ್ಧ ಆಟೋಮ್ಯಾಟಿಕ್ ಅನ್ನಬಹುದು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದೆರಡು ಉಕ್ಕಿನ ತುಂಡುಗಳು ಸರಿಯಾದ ಹೊತ್ತಿಗೆ ಒಂದನ್ನೊಂದು ತಳ್ಳಬೇಕು, ಅಷ್ಟೆ.

“ಸರಿಯಾದ ಹೊತ್ತಿಗೆ” ಅನ್ನೋ ಮಾತನ್ನ ಗಮನಿಸಿ. ಇಲ್ಲಿ ಕ್ಲಚ್‌ಗೆ ಇಬ್ಬರು ಯಜಮಾನರು, ಕೈ ಮತ್ತು ಕಾಲು. ಇಬ್ಬರ ಮಾತೂ ನಡೀಬೇಕು ಅಂದ್ರೆ ನಡುವೆ ಇರೋ ಸಂದು ಹದವಾಗಿರಬೇಕು. ಹದ ತಪ್ಪಿದ್ರೆ ಕಾಲು ಹೇಳಿದ್ದು ಕ್ಲಚ್‌ಗೆ ಕೇಳಲ್ಲ. ಹಾಗಾಗಿ ಈ ಗಾಡಿ ತನ್ನ ಒಡೆಯನಿಗೆ ಒಂದು ಸೌಕರ್ಯ ಕೊಟ್ಟು, ಬದಲಿಗೆ ಒಂದು ಅಭ್ಯಾಸ ಕೇಳ್ತು: ಆಗಾಗ ಅಡ್ಜಸ್ಟ್ ಮಾಡೋದು.

▪️ 6/10

1950ರ ದಶಕದ ಭಾರತ. ಸ್ವಾತಂತ್ರ್ಯ ಬಂದು ಕೆಲವೇ ವರ್ಷ. ವಿದೇಶಿ ವಿನಿಮಯ ಕಮ್ಮಿ. ಹೊರಗಿನಿಂದ ಪೂರ್ತಿ ಗಾಡಿ ತರಿಸೋದಕ್ಕೆ ಸರ್ಕಾರದ ಕಡಿವಾಣ. ಇಲ್ಲೇ ತಯಾರಿಸಿ ಅನ್ನೋದು ಆಗಿನ ನೀತಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಶುರುವಾಗಿತ್ತು.

ಮುಂಬೈಯಲ್ಲಿ ಜಾವಾ ಗಾಡಿ ತರಿಸಿ ಮಾರ್ತಿದ್ದ ಇರಾನಿ ಕುಟುಂಬದ ರುಸ್ತುಂ ಇರಾನಿ ಅವರು ಕಾರ್ಖಾನೆ ಹಾಕೋಕೆ ಆರಿಸ್ಕೊಂಡದ್ದು ನಮ್ಮ ಮೈಸೂರನ್ನ. ಐಡಿಯಲ್ ಜಾವಾ ಅಂತ ಹೆಸರು. ಯಾದವಗಿರಿ ಭಾಗದಲ್ಲಿ ಕಾರ್ಖಾನೆ. 1961ರಲ್ಲಿ ಉದ್ಘಾಟನೆ ಮಾಡಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್.

ಮೊದಲು ಬಂದದ್ದು ಜೆಕ್ ಮೂಲದ 353 ಮಾದರಿಯ 250 ಸಿಸಿ ಗಾಡಿ. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ನಾಲ್ಕು ಗೇರ್. ಅದೇ ಕಿಕ್ಕರ್-ಗೇರ್ ಜಂಟಿ ಲಿವರ್, ಅದೇ ಅರ್ಧ ಆಟೋಮ್ಯಾಟಿಕ್ ಕ್ಲಚ್. ಯುದ್ಧದ ಕತ್ತಲಲ್ಲಿ ಪ್ರಾಗ್‌ನಲ್ಲಿ ಯಾರೋ ಯೋಚಿಸಿದ ಉಪಾಯ, ಹದಿನೈದು ವರ್ಷ ಕಳೆದು ಒಂಟಿಕೊಪ್ಪಲ್ ಪಕ್ಕದ ರಸ್ತೆಗಳಲ್ಲಿ ಓಡಾಡೋಕೆ ಶುರುವಾಯ್ತು.

1970ರ ದಶಕದ ಮೊದಲ ವರ್ಷಗಳಲ್ಲಿ ಜಾವಾ ಹೆಸರು ಬಳಸೋ ಒಪ್ಪಂದ ಮುಗಿದು, ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. ಇರಾನಿಗಳ ಪೂರ್ವಜರ ನಾಡಿನ ಯಜ್ದ್ ಊರನ್ನ ನೆನಪಿಸೋ ಹೆಸರು. ಜೆಕ್ ಯಂತ್ರ, ಪಾರಸಿ ಮೂಲದ ಹೆಸರು, ಮೈಸೂರಿನ ಕೆಲಸಗಾರರು. 1978ರಲ್ಲಿ ರೋಡ್‌ಕಿಂಗ್ ಬಂತು.

ಆಗ ಗಾಡಿ ಕೊಂಡ್ರೆ ಜೊತೆಗೆ ಟೂಲ್ ಕಿಟ್, ಒಂದು ಪುಸ್ತಕ. ಆ ಪುಸ್ತಕದಲ್ಲಿ ಕ್ಲಚ್ ಅಡ್ಜಸ್ಟ್‌ಮೆಂಟ್ ಮಾಲೀಕರು ಮಾಡಬೇಕಾದ ಕೆಲಸ. ಈಗಿನ ಎಷ್ಟೋ ಪುಸ್ತಕಗಳಲ್ಲಿ ಇರೋ “ಡೀಲರ್ ಹತ್ರ ಹೋಗಿ” ಅನ್ನೋ ಸಾಲಿಗೆ ಆಗ ಅರ್ಥವೇ ಇರಲಿಲ್ಲ. ಹಾಸನದ ಹಳ್ಳಿಯ ಮೇಷ್ಟ್ರಿಗೆ, ಕೊಡಗಿನ ತೋಟದವರಿಗೆ ಡೀಲರ್ ಎಲ್ಲಿ ಸಿಗಬೇಕು?

▪️ 7/10

ಸರಿ, ಕ್ಲಚ್ ಯಾಕೆ ಹದ ತಪ್ಪುತ್ತೆ? ಇಲ್ಲಿ ಒಂದು ಸೊಗಸಾದ ವಿಷಯ ಇದೆ. ಬಹಳಷ್ಟು ಜನ ಗೊಂದಲ ಮಾಡ್ಕೊಳ್ಳೋದೂ ಇಲ್ಲೇ.

ಎರಡು ಸವೆತ ನಡೀತಿರುತ್ತೆ, ಎರಡೂ ಎದುರುಬದುರು ದಿಕ್ಕಿಗೆ.

ಮೊದಲನೇದು, ವೈರ್. ಎಳೆದು ಎಳೆದು ಅದು ಹಿಗ್ಗುತ್ತೆ. ಆಗ ಲಿವರ್ ಸಡಿಲ. ಪೂರ್ತಿ ಎಳೆದ್ರೂ ಪ್ಲೇಟುಗಳು ಪೂರ್ತಿ ಬಿಡಲ್ಲ. ಲಕ್ಷಣ ಏನು? ಗೇರ್ ಹಾಕಿದಾಗ ಕರಕರ ಸದ್ದು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗಲ್ಲ. ಕ್ಲಚ್ ಹಿಡಿದಿದ್ರೂ ಗಾಡಿ ಮುಂದಕ್ಕೆ ಜಗ್ಗುತ್ತೆ.

ಎರಡನೇದು, ಪ್ಲೇಟು. ಹಿಡಿತದ ಬಿಲ್ಲೆ ಸವೆದು ತೆಳ್ಳಗಾದಾಗ ಪೇರಿಸಿಟ್ಟ ಕಟ್ಟು ಒಟ್ಟಾರೆ ಗಿಡ್ಡ ಆಗುತ್ತೆ. ಒತ್ತೋ ಪ್ಲೇಟು ಒಳಕ್ಕೆ ಸರಿದು, ತಳ್ಳೋ ಕಡ್ಡಿಯ ಜೊತೆಗಿನ ಸಂದು ಮುಚ್ಚಿಹೋಗುತ್ತೆ. ಆಗ ಲಿವರ್‌ನಲ್ಲಿ ಪ್ಲೇ ಉಳಿಯಲ್ಲ. ನೀವು ಮುಟ್ಟದೇ ಇದ್ರೂ ಕ್ಲಚ್ ಸ್ವಲ್ಪ ಹಿಡಿದ ಹಾಗೇ ಇರುತ್ತೆ, ಜಾರುತ್ತೆ. ಲಕ್ಷಣ? ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಏರಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಹಾಗೇ ಓಡಿಸಿದ್ರೆ ಪ್ಲೇಟು ಸುಟ್ಟೇ ಹೋಗುತ್ತೆ.

ಒಂದು ಸವೆತ ಪ್ಲೇ ಜಾಸ್ತಿ ಮಾಡುತ್ತೆ, ಇನ್ನೊಂದು ಕಮ್ಮಿ ಮಾಡುತ್ತೆ. ಅದಕ್ಕೇ “ಕ್ಲಚ್ ಸರಿ ಇಲ್ವಾ, ವೈರ್ ಟೈಟ್ ಮಾಡು” ಅನ್ನೋ ಸಲಹೆ ಕೆಲವು ಸಲ ರೋಗ ಜಾಸ್ತಿ ಮಾಡುತ್ತೆ. ಜಾರ್ತಿರೋ ಕ್ಲಚ್‌ನ ವೈರ್ ಟೈಟ್ ಮಾಡಿದ್ರೆ ಇನ್ನೂ ಜಾರುತ್ತೆ.

ಜಾವಾ, ಯೆಜ್ಡಿಯ ಅರ್ಧ ಆಟೋಮ್ಯಾಟಿಕ್ ಕ್ಲಚ್‌ನಲ್ಲಿ ಮೂರನೇ ಸುಳಿವೂ ಇದೆ. ಕೈ ಕ್ಲಚ್ ಹಿಡಿದ್ರೆ ಗೇರ್ ಸಲೀಸು, ಬರೀ ಕಾಲಲ್ಲಿ ಹಾಕಿದ್ರೆ ಕರಕರ ಅಂದ್ರೆ, ವೈರ್ ಸರಿ ಇದೆ, ಎಂಜಿನ್ ಒಳಗಿನ ಸಂದು ಜಾಸ್ತಿ ಆಗಿದೆ ಅಂತ. ಕಾಲಿನ ಒತ್ತು ವೈರ್ ಮೂಲಕ ಹೋಗಲ್ಲ. ಹ್ಯಾಂಡಲ್ ಹತ್ರ ಎಷ್ಟು ತಿರುಗಿಸಿದ್ರೂ ಅದು ಸರಿಹೋಗಲ್ಲ.

ಇದನ್ನೆಲ್ಲ ಯಾವ ಮೀಟರೂ ತೋರಿಸ್ತಿರಲಿಲ್ಲ. ದಿನಾ ಓಡಿಸೋರ ಕೈಗೆ, ಕಾಲಿಗೆ, ಕಿವಿಗೆ ಗೊತ್ತಾಗ್ತಿತ್ತು.

▪️ 8/10

ಮಾಡೋ ವಿಧಾನ. ಇದು ಹಳೇ ವೈರ್ ಕ್ಲಚ್ ಗಾಡಿಗಳಿಗೆ ಸಾಮಾನ್ಯ ಕ್ರಮ. ನಿಮ್ಮ ಮಾಡೆಲ್‌ನಲ್ಲಿ ಸ್ಕ್ರೂ ಎಲ್ಲಿದೆ, ಎಷ್ಟು ತಿರುಗಿಸಬೇಕು ಅನ್ನೋದಕ್ಕೆ ಅದರ ಪುಸ್ತಕವೇ ಪ್ರಮಾಣ.

🔧 ಎಂಜಿನ್ ಆಫ್, ತಣ್ಣಗಾಗಿರಬೇಕು. ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ.

🔧 ಮೊದಲು ವೈರ್ ನೋಡಿ. ಲಿವರ್ ಹತ್ರ, ನಿಪ್ಪಲ್ ಬುಡದಲ್ಲಿ ಒಂದೆರಡು ಎಳೆ ಬಿಚ್ಚಿದ್ರೂ ಹೊಸದು ಹಾಕಿ. ಅಡ್ಜಸ್ಟ್ ಮಾಡಿ ಪ್ರಯೋಜನ ಇಲ್ಲ. ಚೆನ್ನಾಗಿದ್ರೆ ಒಳಗೆ ನಾಲ್ಕು ಹನಿ ಎಣ್ಣೆ ಬಿಡಿ.

🔧 ಹ್ಯಾಂಡಲ್ ಹತ್ರದ ಅಡ್ಜಸ್ಟರ್‌ನ ಪೂರ್ತಿ ಒಳಗೆ ತಿರುಗಿಸಿ, ವೈರ್ ಸಡಿಲ ಬಿಡಿ. ಇದನ್ನ ಬಿಟ್ಟು ಮುಂದಕ್ಕೆ ಹೋದ್ರೆ ಒಳಗಿನ ಅಳತೆ ತಪ್ಪು ಬರುತ್ತೆ.

🔧 ಈಗ ಎಂಜಿನ್ ಕಡೆಯ ಸ್ಕ್ರೂ. ಲಾಕ್ ನಟ್ ಸಡಿಲಿಸಿ. ಸ್ಕ್ರೂನ ಮೆಲ್ಲಗೆ ಒಳಗೆ ತಿರುಗಿಸ್ತಾ ಹೋಗಿ. ಒಂದು ಕಡೆ ತಡೆ ಸಿಗುತ್ತೆ, ಕಡ್ಡಿ ಪ್ಲೇಟಿಗೆ ತಾಗಿತು ಅಂತ. ಅಲ್ಲಿಂದ ಪುಸ್ತಕ ಹೇಳಿದಷ್ಟು ಹಿಂದಕ್ಕೆ ಬನ್ನಿ, ಸಾಮಾನ್ಯವಾಗಿ ಒಂದು ಸುತ್ತಿಗಿಂತ ಬಹಳ ಕಮ್ಮಿ.

🔧 ಸ್ಕ್ರೂ ಅಲ್ಲಾಡದ ಹಾಗೆ ಸ್ಕ್ರೂಡ್ರೈವರ್‌ನಲ್ಲಿ ಹಿಡ್ಕೊಂಡು ಲಾಕ್ ನಟ್ ಬಿಗಿ ಮಾಡಿ. ಕೆಲಸ ಕೆಡೋದು ಬಹುತೇಕ ಇಲ್ಲೇ. ನಟ್ ತಿರುಗುವಾಗ ಸ್ಕ್ರೂನೂ ಜೊತೆಗೆ ತಿರುಗಿಬಿಡುತ್ತೆ.

🔧 ಕೊನೆಗೆ ಹ್ಯಾಂಡಲ್ ಅಡ್ಜಸ್ಟರ್ ಹೊರಗೆ ತಿರುಗಿಸಿ. ಲಿವರ್‌ನ ಬುಡದಲ್ಲಿ ಸುಮಾರು 2ರಿಂದ 3 ಮಿ.ಮೀ. ಪ್ಲೇ ಇರಲಿ. ಹ್ಯಾಂಡಲ್‌ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಪ್ಲೇ ಮಾಯ ಆಗಬಾರದು.

🔧 ಪರೀಕ್ಷೆ: ಎಂಜಿನ್ ಆಫ್ ಇದ್ದಾಗ ಗೇರ್ ಹಾಕಿ, ಕ್ಲಚ್ ಹಿಡಿದು ತಳ್ಳಿ. ಗಾಡಿ ಉರುಳಬೇಕು. ಕ್ಲಚ್ ಬಿಟ್ಟರೆ ತಡೆ ಸಿಗಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು.

ಇಷ್ಟು ಮಾಡಿದ್ರೂ ಜಾರಿದ್ರೆ ಪ್ಲೇಟು, ಸ್ಪ್ರಿಂಗು, ಇಲ್ಲವೇ ಗೇರ್ ಆಯಿಲ್ ನೋಡಬೇಕು. ಕಾರಿಗೆ ಹಾಕೋ ಕೆಲವು ನುಣುಪು ಎಣ್ಣೆಗಳು ಎಣ್ಣೆಯಲ್ಲಿ ಮುಳುಗಿರೋ ಕ್ಲಚ್‌ನ ಜಾರಿಸುತ್ತವೆ. ಅಷ್ಟಕ್ಕೂ ಸರಿಹೋಗದಿದ್ರೆ ಗೊತ್ತಿರೋ ಮೆಕ್ಯಾನಿಕ್‌ಗೆ ತೋರಿಸಿ. ಆದರೆ ಪಕ್ಕದಲ್ಲಿ ನಿಂತು ನೋಡಿ.

▪️ 9/10

ಮತ್ತೆ ಇತಿಹಾಸಕ್ಕೆ ಬರೋಣ. 1980ರ ದಶಕದ ಮಧ್ಯದಲ್ಲಿ ಭಾರತದ ರಸ್ತೆ ಬದಲಾಯ್ತು. ಜಪಾನ್ ಕಂಪನಿಗಳ ಜೊತೆ ಸೇರಿ ಸಣ್ಣ, ಹಗುರ, 100 ಸಿಸಿ ಬೈಕುಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100.

ಹೀರೋ ಹೋಂಡಾದ ಆಗಿನ ಜಾಹೀರಾತು ಪ್ರಸಿದ್ಧ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅನ್ನೋ ಅರ್ಥದ ಮಾತು. ಹಳೇ ಗಾಡಿಗಳಿಗೆ ಹೋಲಿಸಿದ್ರೆ ಅದು ನಿಜವೇ ಆಗಿತ್ತು. ಫೋರ್ ಸ್ಟ್ರೋಕ್ ಎಂಜಿನ್, ಪೆಟ್ರೋಲ್‌ಗೆ ಆಯಿಲ್ ಬೆರೆಸೋ ಗೋಜಿಲ್ಲ. ಮೈಲೇಜ್ ಎಷ್ಟೋ ಪಾಲು ಜಾಸ್ತಿ. ಸಂಬಳದಲ್ಲಿ ಮನೆ ನಡೆಸೋರಿಗೆ ಇದು ದೊಡ್ಡ ಉಳಿತಾಯ. ಅವರನ್ನ ದೂರೋಕೆ ಆಗಲ್ಲ.

ಯೆಜ್ಡಿ ಭಾರದ ಗಾಡಿ, ಪೆಟ್ರೋಲ್ ಜಾಸ್ತಿ ಬೇಡ್ತಿತ್ತು, ಹೊಗೆ ಬಿಡ್ತಿತ್ತು. 1990ರ ದಶಕದಲ್ಲಿ ಹೊಗೆ ನಿಯಮಗಳು ಬಂದು ಬಿಗಿಯಾಗ್ತಾ ಹೋದವು. ಹಳೇ ಟೂ ಸ್ಟ್ರೋಕ್ ಎಂಜಿನ್‌ಗೆ ಅದು ಕಷ್ಟದ ಪರೀಕ್ಷೆ. ಮಾರುಕಟ್ಟೆ ಕೈತಪ್ಪಿತು, ಕಾರ್ಮಿಕರ ಮತ್ತು ಆಡಳಿತದ ನಡುವಿನ ತಿಕ್ಕಾಟವೂ ಸೇರಿಕೊಂಡಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ಅಲ್ಲಿ ದುಡಿದವರ ಮನೆಗಳಿಗೆ ಅದು ಬರೀ ಒಂದು ಬ್ರ್ಯಾಂಡಿನ ಅಂತ್ಯ ಆಗಿರಲಿಲ್ಲ, ತಿಂಗಳ ಸಂಬಳ ನಿಂತ ದಿನ.

ಲೆಕ್ಕದ ಪ್ರಕಾರ ಮುಂದಿನ ಹತ್ತು ವರ್ಷದಲ್ಲಿ ಗಾಡಿಗಳೂ ಗುಜರಿ ಸೇರಬೇಕಿತ್ತು. ಬಹಳಷ್ಟು ಸೇರಿದವು ಕೂಡ. ಆದರೆ ಎಲ್ಲವೂ ಅಲ್ಲ. ಯಾಕಂದ್ರೆ ಆ ಮೂವತ್ತೈದು ವರ್ಷದಲ್ಲಿ ಕಾರ್ಖಾನೆ ಗಾಡಿಯ ಜೊತೆ ಇನ್ನೊಂದನ್ನೂ ಮಾರಿತ್ತು. ಗಾಡಿ ಬಿಚ್ಚಿ ಜೋಡಿಸೋ ತಿಳಿವಳಿಕೆ. ಅದು ಯಾದವಗಿರಿಯ ಗೇಟಿನ ಒಳಗೆ ಉಳಿದಿರಲಿಲ್ಲ. ಸಾವಿರಾರು ಅಂಗಳಗಳಲ್ಲಿ, ಮರದ ಕೆಳಗಿನ ಗ್ಯಾರೇಜುಗಳಲ್ಲಿ ಹರಡಿಹೋಗಿತ್ತು. ಗೇಟಿಗೆ ಬೀಗ ಹಾಕಬಹುದು, ಅದಕ್ಕೆ ಹೇಗೆ ಹಾಕ್ತೀರಿ?

▪️ 10/10

ಆಮೇಲಿನ ಕಥೆ ನಿಮಗೆ ಗೊತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೇ ಬಿಡಿಭಾಗ ಹುಡುಕಿ ತಂದರು. ಸಿಗದಿದ್ದನ್ನ ಲೇತ್‌ನಲ್ಲಿ ಮಾಡಿಸಿಕೊಂಡರು. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ ಅಂತ ಸಾಲುಸಾಲು ಗಾಡಿ ಹೊರಡ್ತವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ವಾಪಸ್ ಬಂತು. ಅವು ಫೋರ್ ಸ್ಟ್ರೋಕ್, ಬಟನ್ ಸ್ಟಾರ್ಟ್, ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಅದೇ, ಎಡಗಡೆಯ ಆ ಒಂದೇ ಲಿವರ್ ಇಲ್ಲ.

ಇನ್ನು ಮುಂದೆ ನಮ್ಮಲ್ಲಿ ಬಹಳ ಜನ ಓಡಿಸೋದು ಎಲೆಕ್ಟ್ರಿಕ್ ಗಾಡಿ. ಅದರಲ್ಲಿ ಹೊಗೆ ಇಲ್ಲ, ಒಳ್ಳೇದು. ಸಾಮಾನ್ಯವಾಗಿ ಕ್ಲಚ್ಚೂ ಇಲ್ಲ. ಹಾಗಾದ್ರೆ ಈ ಕಸುಬು ಕಲಿತು ಏನು ಪ್ರಯೋಜನ?

ನನಗನ್ನಿಸೋದು ಇಷ್ಟು. ಈಗ ನಮ್ಮ ಫೋನು, ಸ್ಕೂಟರು, ಫ್ರಿಜ್ಜು ಯಾವುದೇ ಕೆಟ್ಟರೂ, ಬಿಚ್ಚಿ ನೋಡೋ ಹಕ್ಕು ನಮಗಿದೆಯಾ ಅನ್ನೋದು ದೊಡ್ಡ ಪ್ರಶ್ನೆ ಆಗಿದೆ. ಕಂಪನಿ ಮುಚ್ಚಿದ್ರೆ, ಇಲ್ಲವೇ ಸಪೋರ್ಟ್ ನಿಲ್ಲಿಸಿದ್ರೆ, ಚೆನ್ನಾಗಿರೋ ವಸ್ತುವೂ ಕಸ. ಮೈಸೂರಿನ ಜಾವಾ ಇದಕ್ಕೆ ಎದುರು ಸಾಕ್ಷಿ. ಮಾಡಿದವರು ಹೋದರೂ ವಸ್ತು ಉಳೀಬಹುದು. ಅದಕ್ಕೆ ಎರಡು ಬೇಕು: ಬಿಚ್ಚೋಕೆ ಆಗೋ ಹಾಗೆ ಮಾಡಿರಬೇಕು, ಬಿಚ್ಚೋದು ಗೊತ್ತಿರೋರು ಇರಬೇಕು.

ಮೊದಲನೇದು ನಮ್ಮ ಕೈಯಲ್ಲಿಲ್ಲ. ಎರಡನೇದು ಇದೆ, ಆದರೆ ಹೆಚ್ಚು ದಿನ ಇರಲ್ಲ. 60ರ, 70ರ ದಶಕದಲ್ಲಿ ಜಾವಾ ಕೆಲಸ ಕಲಿತವರಿಗೆ ಈಗ ವಯಸ್ಸಾಗಿದೆ. ಸ್ಕ್ರೂ ತಡೆ ಸಿಕ್ಕಿತು ಅಂತ ಬೆರಳಿಗೆ ಹೇಗೆ ಗೊತ್ತಾಗುತ್ತೆ ಅನ್ನೋದನ್ನ ಅವರು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

ಹಾಗಾಗಿ ಒಂದು ಕೆಲಸ. ನಿಮ್ಮ ತಾತ, ಮಾವ, ಬೀದಿ ಕೊನೆಯ ಮೆಕ್ಯಾನಿಕ್ ಅಣ್ಣ, ಯಾರಾದ್ರೂ ಇದ್ರೆ ಹತ್ರ ಹೋಗಿ. “ಕ್ಲಚ್ ಹೇಗೆ ಅಡ್ಜಸ್ಟ್ ಮಾಡ್ತಿದ್ರಿ, ಒಂದು ಸಲ ತೋರಿಸಿ” ಅಂತ ಕೇಳಿ. ಅವರ ಒಪ್ಪಿಗೆ ಪಡೆದು ವಿಡಿಯೋ ಮಾಡ್ಕೊಳ್ಳಿ, ಅವರು ಬಳಸೋ ಪದಗಳನ್ನ ಹಾಗೇ ಬರ್ಕೊಳ್ಳಿ. ಆಮೇಲೆ ಸ್ಪ್ಯಾನರ್ ನಿಮ್ಮ ಕೈಗೆ ಕೊಡೋಕೆ ಹೇಳಿ.

ನಿಮ್ಮೂರಲ್ಲಿ ಪ್ಲೇಗೆ, ಲಾಕ್ ನಟ್‌ಗೆ, ಕಾರ್ಕ್ ಪ್ಲೇಟ್‌ಗೆ ಏನಂತಾರೆ? ಕಾಮೆಂಟ್‌ನಲ್ಲಿ ಬರೆಯಿರಿ. ಸಿಕ್ಕ ಪದಗಳನ್ನೆಲ್ಲ ಸೇರಿಸಿ ಮುಂದಿನ ವಾರ ಒಂದು ಪಟ್ಟಿ ಹಾಕ್ತೀನಿ.

#ಮೈಸೂರುಜಾವಾ #ಯೆಜ್ಡಿ #ಹಳೇಗಾಡಿ #ಮನೆಯಲ್ಲೇರಿಪೇರಿ #ಕನ್ನಡದಲ್ಲಿಇತಿಹಾಸ